ಅರ್ಧ ಬೈರಿಗೆ

ಕೊಂಯ್ ಅಂತ ಒಂದು ಸದ್ದು, ಕೆರೆಯ ಆ ದಂಡೆಯಲ್ಲಿ ಕೂತು ಯಾರೋ ಬಿಗಿದ ತಂತಿ ಮೀಟಿದ ಹಾಗೆ, ಐಸಿನ ಹೊಟ್ಟೆಯೊಳಗಿಂದಲೇ ಹರಿದು ಬಂದು ಅಲ್ತಾಫನ ಬೂಟಿನ ತುದಿಯಲ್ಲಿ ನಿಂತಿತು, ಅವನು ಒಂದು ಹೆಜ್ಜೆ ಹಿಂದೆ ಸರಿದ, ಸರಿದದ್ದಕ್ಕೆ ತನ್ನ ಮೇಲೇ ಸಿಟ್ಟಾದ, ಏನಲೇ ಅಲ್ತ್ಯಾ, ಅಂಜಿದೇನು, ಸಪ್ಪಳ ಅದು, ಬರೀ ಸಪ್ಪಳ, ಫಿನ್‌ಲೆಂಡಿನ ಆ ಮುದುಕ ವಿಡಿಯೋದಲ್ಲಿ ಹೇಳಿರಲಿಲ್ಲವೇ, ಐಸು ಕೂಗಿದರೆ ಗಾಬರಿಯಾಗಬೇಡಿ, ಚಳಿಗೆ ಹಿಗ್ಗುತ್ತಾ ಇದೆ ಅಷ್ಟೇ ಅಂತ, ಹೇಳೋದಕ್ಕೆ ಅವನಿಗೇನು ಕಷ್ಟ, ಅವನ ಕೆರೆಯ ಮೇಲೆ ಲಾರಿ ಓಡುತ್ತದೆ, ಇಲ್ಲಿ ಐರ್ಲೆಂಡಿನಲ್ಲಿ ಕೆರೆ ಹೆಪ್ಪುಗಟ್ಟುವುದೇ ಎಂದೋ ಒಂದು ಚಳಿಗಾಲದಲ್ಲಿ, ಅದೂ ನೆಂಟರ ಹಾಗೆ ಬಂದು ಎರಡು ದಿನ ಇದ್ದು ಹೊರಟುಬಿಡುತ್ತದೆ, ಮಧ್ಯಾಹ್ನದ ಮೇಲೆ ಮಳೆ ಅಂತ ಬೆಳಗ್ಗೆ ಕಾರಿನ ರೇಡಿಯೋದವಳು ಖುಷಿಯಿಂದ ಹೇಳಿದಳು, ಖುಷಿಯಿಂದ, ಏನೋ ದೊಡ್ಡ ಉಪಕಾರ ಮಾಡಿದವಳ ಹಾಗೆ, ಅವಳ ಬಾಯಿಗಿಷ್ಟು ಮಣ್ಣು ಹಾಕ — ಮಳೆ ಬಿತ್ತೆಂದರೆ ಮುಗಿಯಿತು, ಈ ಬಿಳಿ ಹಾಳೆಯೆಲ್ಲ ಹರಿದು ಮತ್ತೆ ಅದೇ ಬೂದು ನೀರು, ಆಮೇಲೆ ಇನ್ನೊಂದು ಹೆಪ್ಪಿಗೆ ಎಷ್ಟು ವರ್ಷ ಕಾಯಬೇಕೋ, ಅಷ್ಟರಲ್ಲಿ ಅವನಿಗೆ ಮಂಡಿ ಮಡಚೋಕಾದರೂ ಬರುತ್ತದೋ ಇಲ್ಲವೋ, ಐಸು ಕೊರೆದು ಗಾಳ ಬಿಡೋದು ಇವತ್ತೇ ಆಗಬೇಕು, ಇವತ್ತೇ, ಇನ್ನೊಂದೆರಡು ತಾಸಿನಲ್ಲಿ, ಆದರೆ ಚೀಲದಿಂದ ಹೊರಗೆ ತೆಗೆದರೆ ಬೈರಿಗೆಯದು ಅರ್ಧವೇ, ಸುರುಳಿ ಇದೆ, ಅಂಚಿಗೆ ಹೊಳೆಯುವ ಅಲಗಿದೆ, ಒತ್ತಿ ತಿರುವುವ ಹಿಡಿ ಇಲ್ಲ, ಹಿಡಿ ಮಾತು ಬಿಟ್ಟ ಗೆಳೆಯ ಚಾಮರಾಜನ ಮನೆಯಲ್ಲಿ.

ಬರ್ತಾನೋ ಇಲ್ಲವೋ. ಬರದಿದ್ದರೆ ಬಿಡಲಿ, ಕಲ್ಲು ತಗೊಂಡು ಕುಟ್ಟಿ ತೂತು ಮಾಡುತ್ತೇನೆ, ಹುಟ್ಟಿದಾಗ ಬೈರಿಗೆ ಹಿಡಿದುಕೊಂಡು ಹುಟ್ಟಿದ್ದೆನಾ, ಅಂದುಕೊಂಡ, ಅಂದುಕೊಂಡವನ ಕಣ್ಣು ಮಾತ್ರ ಗದ್ದೆಯಾಚೆಯ ಗೇಟಿನ ಮೇಲೇ ಇತ್ತು, ಗೇಟಿನ ಹಿಂದೆ ದಾರಿ, ದಾರಿಯ ಮೇಲೆ ಯಾರೂ ಇಲ್ಲ, ಹುಲ್ಲೆಲ್ಲ ಸಕ್ಕರೆ ಉದುರಿಸಿದಂತೆ ಬೆಳ್ಳಗೆ, ಬೋರಲು ಹಾಕಿದ ರೊಟ್ಟಿ ಬುಟ್ಟಿಗಳ ಹಾಗೆ ಒಂದರ ಪಕ್ಕ ಒಂದು ಗುಂಡು ಗುಡ್ಡ, ಮೊನಹನ್ ಜಿಲ್ಲೆಯೆಂದರೆ ಇಷ್ಟೇ, ಗುಡ್ಡ, ಗುಡ್ಡದ ಸಂದಿಗೊಂದು ಕೆರೆ, ಕೆರೆಯ ಬದಿಗೊಂದು ಹಸು, ಡನ್‌ಡಾಕ್‌ನ ಮನೆಯಿಂದ ಕಾರಿನಲ್ಲಿ ಬಂದರೆ ಒಂದು ಚಹಾ ಆರುವಷ್ಟು ದೂರ, ಇವತ್ತು ಮಾತ್ರ ರಸ್ತೆ ಜಾರುತ್ತದೆಂದು ಎತ್ತಿನ ಗಾಡಿಯ ವೇಗದಲ್ಲಿ ಬಂದಿದ್ದ, ಹಿಂದಿನವರು ಹಾರ್ನ್ ಹೊಡೆದರೆ ಕಿಟಕಿ ಇಳಿಸಿ ಶುದ್ಧ ಕನ್ನಡದಲ್ಲಿ ಉತ್ತರ ಕೊಟ್ಟಿದ್ದ, ಪಕ್ಕದಲ್ಲಿ ಫರ್ಹಾ ಇದ್ದಿದ್ದರೆ ತಲೆಯ ಮೇಲಿನ ದುಪಟ್ಟಾ ಎಳೆದುಕೊಂಡು ಮುಖ ಮುಚ್ಚಿಕೊಳ್ಳುತ್ತಿದ್ದಳು, ನಿಮ್ಮ ಜೊತೆ ಬರೋದಂದ್ರೆ ನಂಗೆ ಪೊಲೀಸ್ ಜೀಪಲ್ಲಿ ಹೋದಂಗೆ ಆಗ್ತೈತೆ ರೀ ಅನ್ನುತ್ತಿದ್ದಳು. ಬೆಂಗಳೂರಿನವಳು. ಅವಳ ಐತೆ, ಅವನ ಐತಿ, ಇಬ್ಬರ ಸಂಸಾರ ಇಷ್ಟು ವರ್ಷ ಅದರ ನಡುವೆಯೇ ನಡೆದಿದೆ.

ಸಾಮಾನು ಬಂದ ದಿನ ಅವಳು ಅಡುಗೆಮನೆಯ ಮೇಜಿನ ಮೇಲೆ ಒಂದೊಂದನ್ನೇ ಎತ್ತಿ ನೋಡಿದ್ದಳು, ಅದು ಹೋದ ವರ್ಷ, ಚಾಮರಾಜನೂ ಪಕ್ಕದಲ್ಲೇ ನಿಂತಿದ್ದ, ಇಬ್ಬರೂ ಮದುವೆಗೆ ಜವಳಿ ತಂದವರ ಹಾಗೆ ಹಲ್ಲು ಕಿರಿಯುತ್ತಿದ್ದರು, ಇದೇನ್ರೀ ಇಷ್ಟುದ್ದದ ಗಾಳದ ಕೋಲು, ಮೊಣಕೈಯಷ್ಟೂ ಇಲ್ಲ, ಮಕ್ಕಳಾಟದ್ದು ಕಳಿಸಿಬಿಟ್ರಾ, ಇಲ್ಲ ಫರ್ಹಾ ಅವರೇ, ತೂತು ಕಾಲ ಕೆಳಗೇ ಇರುತ್ತೆ, ಉದ್ದದ ಕೋಲು ಯಾಕೆ ಬೇಕು ಅಂತ ಚಾಮರಾಜ, ಅವನಿಗೆ ಎಲ್ಲವನ್ನೂ ವಿವರಿಸುವ ಚಟ, ಇದು ಬೂಟಿಗೆ ಕಟ್ಟೋ ಮುಳ್ಳಿನ ಪಟ್ಟಿ, ಜಾರಬಾರದು ಅಂತ, ಇದು ಕೊರಳಿಗೆ ಹಾಕೋದು, ದಾರದ ಎರಡು ತುದಿಗೆ ಮೊಳೆ ಇರೋ ಹಿಡಿ, ಐಸು ಒಡೆದು ನೀರಿಗೆ ಬಿದ್ದರೆ ಎರಡು ಕೈಯಲ್ಲೂ ಚುಚ್ಚಿ ಚುಚ್ಚಿ ಮೇಲಕ್ಕೆ ಎಳ್ಕೊಂಡು ಬರೋದಕ್ಕೆ, ಫರ್ಹಾ ಅದನ್ನು ಎತ್ತಿ ಹಿಡಿದು ನೋಡಿ, ಓ, ತಾಯತ ಅನ್ನಿ, ಅಂದಳು, ಚಾಮರಾಜ ನಗುತ್ತಾ ಕುರ್ಚಿಯ ಮೇಲೆ ಕುಸಿದ. ತೂತಿನಲ್ಲಿ ತೇಲುವ ಐಸಿನ ಚೂರು ತೆಗೆಯೋದಕ್ಕೆ ಒಂದು ತೂತುಗಳ ಸೌಟು ಇತ್ತು, ಅದನ್ನು ಅವಳು ಯಾರನ್ನೂ ಕೇಳದೆ ಒಲೆಯ ಪಕ್ಕ ನೇತುಹಾಕಿದಳು, ಇಂಥ ಝಾರಾ ಈ ಊರಲ್ಲೆಲ್ಲೂ ಸಿಗಲ್ಲ ರೀ, ಪೂರಿ ಕರಿಯೋಕೆ ಹೇಳಿ ಮಾಡಿಸಿದಂಗೈತೆ, ಆವತ್ತಿನಿಂದ ಅದು ಎಣ್ಣೆ ಬಿಟ್ಟರೆ ಬೇರೇನೂ ಕಂಡಿಲ್ಲ, ಇವತ್ತು ಬೆಳಗ್ಗೆ ಅದನ್ನು ಕೇಳಿದಾಗ ಅವಳು ಮಗುವನ್ನು ಕೇಳಿದವನನ್ನು ನೋಡುವ ಹಾಗೆ ನೋಡಿದಳು, ಆದರೂ ಕೊಟ್ಟಳು, ಸೋಪು ಹಾಕಿ ತೊಳೆದು ಕೊಟ್ಟಳು, ಮೀನಿನ ವಾಸನೆ ಬಂತೋ ನೋಡಿ ಅಂದಳು. ಫೆಬ್ರುವರಿಯಲ್ಲಿ ಫಿನ್‌ಲೆಂಡಿಗೆ ಹೋಗೋದು ಅಂತ ಆಗಿತ್ತು, ಚಾಮರಾಜನ ಆಫೀಸಿನವನೊಬ್ಬ ಆ ಕಡೆಯವನು, ಅವನ ಅಣ್ಣನ ಗುಡಿಸಲು, ಗುಡಿಸಲ ಮುಂದೆ ಕೆರೆ, ಬೈರಿಗೆ ಒಬ್ಬನೇ ಹೊತ್ತರೆ ಭಾರ ಅಂತ ಸುರುಳಿ ಒಬ್ಬರ ಚೀಲಕ್ಕೆ, ಹಿಡಿ ಇನ್ನೊಬ್ಬರ ಚೀಲಕ್ಕೆ — ಅದೊಂದು ಫೆಬ್ರುವರಿ ರಜೆ ಸಿಗಲಿಲ್ಲ, ಮುಂದಿನ ಫೆಬ್ರುವರಿಗೆ ಹೋಗೋಣ ಬಿಡು ಅಂದ ಚಾಮರಾಜ, ಆಮೇಲೆ ಜೂನ್ ಬಂತು.

ಜೂನ್. ಡನ್ ಲಿಯರಿಯ ಕಟ್ಟೆ. ಸಮುದ್ರದೊಳಗೆ ತೋಳು ಚಾಚಿದಂಥ ಆ ಉದ್ದ ಕಲ್ಲುಕಟ್ಟೆ, ಸಂಜೆಯ ಬಿಸಿಲು, ಐಸ್‌ಕ್ರೀಮು ಹಿಡಿದು ಓಡಾಡುವ ಜನ, ಕನ್ನಡ ಸಂಘದವರ ಪಿಕ್‌ನಿಕ್ಕೂ ಆವತ್ತೇ ಅಲ್ಲೇ, ಪುಳಿಯೋಗರೆ ಡಬ್ಬಿ ತೆರೆದ ವಾಸನೆ ಗಾಳಿಯಲ್ಲಿ, ಅವನೂ ಚಾಮರಾಜನೂ ಬಂಗುಡೆ ಸಿಗುತ್ತದೆಂದು ಕೂತಿದ್ದರು, ಬಂಗುಡೆಯ ಬದಲು ಗಾಳಕ್ಕೆ ಏನೋ ಭಾರ ಬಿತ್ತು, ಕೋಲು ಬಿಲ್ಲಾಯಿತು, ಕಟ್ಟೆಯ ಮೇಲಿದ್ದವರೆಲ್ಲ ನಿಂತು ನೋಡಿದರು, ಮೇಲೆ ಬಂದದ್ದು ಬಾಸ್ ಮೀನು, ಬೆಳ್ಳಿಯ ಪಾತ್ರೆ ತೊಳೆದಿಟ್ಟಂತೆ, ಮೊಣಕೈಗಿಂತ ಉದ್ದ, ಬದುಕಿನಲ್ಲಿ ಅವನು ಅಂಥದ್ದೊಂದು ಹಿಡಿದಿರಲಿಲ್ಲ, ಕೊಲ್ಹಾರದ ಹಿನ್ನೀರಿನಲ್ಲಿ ಹುಡುಗನಾಗಿದ್ದಾಗ ಹಿಡಿದದ್ದೆಲ್ಲ ಸೇರಿಸಿದರೂ ಇಷ್ಟು ಚಂದದ್ದಿಲ್ಲ, ಅಷ್ಟು ಹೊತ್ತಿಗೆ ಫೋನು, ಗೋದಾಮಿನ ಮೇಲ್ವಿಚಾರಕ, ನಾಳೆ ಫೋರ್ಕ್‌ಲಿಫ್ಟಿಗೆ ಬೇರೆ ಪಾಳಿ ಬರಬಹುದಾ ಅಂತ, ಒಂದು ನಿಮಿಷ ಬೆನ್ನು ತಿರುಗಿಸಿದ್ದ, ತಿರುಗಿ ನೋಡಿದರೆ ಚಾಮರಾಜ ಕಟ್ಟೆಯ ಮೆಟ್ಟಿಲ ತುದಿಯಲ್ಲಿ ಕುಕ್ಕರುಗಾಲಿನಲ್ಲಿ, ಅವನ ಎರಡು ಕೈ ನೀರಿನ ಹತ್ತಿರ, ಎರಡು ಕೈಯಲ್ಲಿ ಮೀನು, ಆಮೇಲೆ ಎರಡು ಕೈ ಬಿಚ್ಚಿದವು — ಬಿಚ್ಚಿದ ಕೈ, ಬರೀ ಕೈ, ಬೆರಳ ಸಂದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಈ ತಿಂಗಳು ಈ ಮೀನು ಇಟ್ಕೊಳೋ ಹಂಗಿಲ್ಲ ಕಣಪ್ಪ, ಮೊಟ್ಟೆ ಇಡೋ ಕಾಲ, ಕಾನೂನು, ನನ್ನ ಕೆಲಸದ ಪರ್ಮಿಟ್ಟಿನ ಮೇಲೆ ಏನಾದ್ರೂ ಬಂದ್ರೆ, ಅಂದ. ಸರಿ, ಕಾನೂನೇ ಇರಲಿ, ಒಂದು ಮಾತು ಕೇಳೋಕೇನಾಗಿತ್ತು ಆ ಮಗನಿಗೆ, ಅಲ್ತಾಫ್, ಬಿಡ್ತೀಯಾ, ಬಿಡಬೇಕು ಕಣೋ, ಅಷ್ಟಂದಿದ್ದರೆ ತಾನೇ ಬಿಡುತ್ತಿದ್ದನೋ ಏನೋ, ಬಿಡುತ್ತಿರಲಿಲ್ಲವೋ ಏನೋ, ಅದು ಬೇರೆ ಮಾತು, ಮೀನು ಯಾರದು, ನಿನ್ನ ಕೈ ಯಾಕೆ ಹೋಯಿತು. ಬೈದ. ಕಟ್ಟೆ ನಡುಗುವ ಹಾಗೆ ಬೈದ, ಪುಳಿಯೋಗರೆ ತಿನ್ನುತ್ತಿದ್ದವರ ತುತ್ತು ಬಾಯಿಯ ಹತ್ತಿರವೇ ನಿಂತಿತು, ಸಂಘದ ಕಾರ್ಯದರ್ಶಿ ಮಕ್ಕಳ ಕಿವಿ ಮುಚ್ಚಿದ, ಚಾಮರಾಜ ಕೈ ಒರೆಸಿಕೊಂಡು ರೈಲಿಗೆ ಹೊರಟುಹೋದ, ಬಂದದ್ದು ಅಲ್ತಾಫನ ಕಾರಿನಲ್ಲಿ, ಹೋದದ್ದು ರೈಲಿನಲ್ಲಿ, ಅವನ ಚಪ್ಪಲಿ ಕೂಡ ಕಾರಿನ ಹಿಂದುಗಡೆಯೇ ಉಳಿಯಿತು.

ಅಲ್ಲಿಂದ ಮಾತಿಲ್ಲ. ಗಂಡಸರಿಗೆ ಮಾತಿಲ್ಲ, ಹೆಂಗಸರಿಗೆ ಯಾರು ಬೇಡ ಅಂದರು, ಫರ್ಹಾ ಫೋನು ಎತ್ತಿದರೆ ಆ ಕಡೆ ಚಾಮರಾಜನ ಹೆಂಡತಿ ಜಯಶೀಲಾ, ಜಯಶೀಲಾ ಎತ್ತಿದರೆ ಈ ಕಡೆ ಫರ್ಹಾ, ಸಾರಿನ ಪುಡಿ ಅಲ್ಲಿಂದ ಇಲ್ಲಿಗೆ, ರಂಜಾನಿನ ಖೀರು ಇಲ್ಲಿಂದ ಅಲ್ಲಿಗೆ, ಆ ಚಪ್ಪಲಿಯೂ ಹಾಗೇ ಒಂದು ಬಿರಿಯಾನಿ ಡಬ್ಬಿಯ ಜೊತೆ ಹೋಯಿತು, ಗಂಡಂದಿರು ಸಮುದ್ರದ ದಂಡೆಗೆ ಹೋಗೋದು ಬಿಟ್ಟು ಭಾನುವಾರ ಸೋಫಾದ ಮೇಲೆ ಬಿದ್ದುಕೊಂಡರೆ ಕಷ್ಟ ಯಾರಿಗೆ, ಹೆಂಗಸರಿಗೆ. ಮೀನು ಹಿಡಿಯೋಕೆ ಬೇರೆ ಜನ ಇರಲಿಲ್ಲವಾ, ಇದ್ದರು, ಗೋದಾಮಿನ ಇಬ್ಬರು ಪೋಲಿಷ್ ಹುಡುಗರ ಜೊತೆ ಒಂದು ಸಲ ಹೋಗಿದ್ದ, ಅವರು ಬೆಳಗ್ಗೆಯಿಂದ ಸಂಜೆಯವರೆಗೆ ತುಟಿ ಬಿಚ್ಚಲಿಲ್ಲ, ಗಾಳ ಸಿಕ್ಕಿಕೊಂಡಾಗ ಅವನು ಹೊಟ್ಟೆ ತುಂಬ ಬೈದ, ಯಾರೂ ನಗಲಿಲ್ಲ, ಬೈಗುಳ ಅನ್ನೋದು ಅರ್ಥ ಮಾಡಿಕೊಳ್ಳುವವನು ಪಕ್ಕದಲ್ಲಿಲ್ಲದಿದ್ದರೆ ಉಪ್ಪಿಲ್ಲದ ಸಾರು. ಚಾಮರಾಜನ ಪರಿಚಯವಾದದ್ದೇ ಬೈಗುಳದಿಂದ, ಕಾರ್ಲಿಂಗ್‌ಫರ್ಡಿನ ದಕ್ಕೆಯಲ್ಲಿ ದಾರ ಗಂಟಾಗಿ ಅವನು ಅದರ ವಂಶವನ್ನೆಲ್ಲ ಉದ್ಧಾರ ಮಾಡುತ್ತಿದ್ದಾಗ ಬೆನ್ನ ಹಿಂದಿನಿಂದ ಒಂದು ದನಿ, ಹಂಗ್ ಎಳೀಬಾರ್ದು ಕಣಪ್ಪ, ವಸಿ ಸಡಿಲ ಬಿಡು, ತಿರುಗಿದರೆ ಮಂಕಿ ಕ್ಯಾಪಿನ ಒಳಗೊಂದು ಕೊಳ್ಳೇಗಾಲದ ಮುಖ, ಕಂಪ್ಯೂಟರಿನ ಕೆಲಸ ಮಾಡೋ ಮೆತ್ತನೆ ಕೈ, ಆ ಕೈ ಗಂಟನ್ನು ನಿಧಾನ ಬಿಡಿಸಿತು, ಹಾಂ, ಆ ಕೈಯೇ, ಯಾವಾಗಲೂ ಏನನ್ನಾದರೂ ಬಿಡುವ ಕೈ. ನಿನ್ನೆ ಫರ್ಹಾ ಇಸ್ತ್ರಿ ಮಾಡುತ್ತಾ ಗೋಡೆಗೆ ಹೇಳಿದಳು, ಮೊನಹನ್ ಕಡೆ ಕೆರೆಯೆಲ್ಲ ಕಲ್ಲಾಗೈತಂತೆ, ಜಯಶೀಲಾ ಹೇಳಿದ್ಳು, ಅವರ ಮನೆಯವರು ಎರಡು ದಿನದಿಂದ ಆ ಹಿಡಿನ ಒರೆಸಿ ಒರೆಸಿ ಇಡ್ತಾವ್ರಂತೆ. ಅವನ ಮಾರಿ ನಾ ನೋಡಂಗಿಲ್ಲ, ಅಂದ. ಮುಖ ಯಾರ್ ನೋಡಿ ಅಂದ್ರು, ಕೆರೆ ನೋಡಿ. ನಾ ಯೂಜೀನನ ಕೆರಿಗೆ ಹೊಂಟೀನಿ ನಾಳೆ, ಒಬ್ಬನ, ಯಾರಿಗೂ ಹೇಳಬ್ಯಾಡ, ಅಂದ. ಹೇಳಲ್ಲ ಅಂತ ಇಸ್ತ್ರಿ ಪೆಟ್ಟಿಗೆ ಆರಿಸಿ ಫೋನು ಹಿಡಿದು ಮಹಡಿ ಹತ್ತಿದಳು. ಇವತ್ತು ಬೆಳಗ್ಗೆ ಮಗಳು ಅರ್ಷಿಯಾ ಮೆಟ್ಟಿಲ ಮೇಲೆ ಕೂತಿದ್ದವಳು ಅಪ್ಪನ ಕೊರಳಿನ ಮೊಳೆಹಿಡಿ ನೋಡಿ, ಡ್ಯಾಡ್, ಯು ಲುಕ್ ಗ್ರ್ಯಾಂಡ್, ಜಸ್ಟ್ ಡೋಂಟ್ ಡೈ, ಅಂದಳು, ಅಪ್ಪಟ ಡನ್‌ಡಾಕ್‌ನ ರಾಗ, ಅಪ್ಪಾ ಅಂತ ಒಂದು ಸಲ ಕರೆಯೋಕೆ ಅವಳ ನಾಲಿಗೆಗೇನು ಮುಳ್ಳು ಚುಚ್ಚುತ್ತದೋ, ಆದರೆ ಅವಳು ಬಾಗಿಲ ತನಕ ಬಂದು ಫ್ಲಾಸ್ಕು ಚೀಲದೊಳಗಿಟ್ಟಳು, ಇಟ್ಟಳಲ್ಲ.

ಯೂಜೀನ್ ಬೇಲಿಯ ಆಚೆಯಿಂದ ಕೈ ಎತ್ತಿದ, ಈ ಗದ್ದೆಯ ಯಜಮಾನ, ಟ್ರ್ಯಾಕ್ಟರಿನಿಂದ ಹಸುಗಳಿಗೆ ಹುಲ್ಲು ಹಾಕುತ್ತಿದ್ದಾನೆ, ನೀನು ಅದರ ಮೇಲೆ ಹೋಗಲ್ಲ ತಾನೇ ಅಂತ ಕೂಗಿದ, ಹೋಗಲ್ಲ ಹೋಗಲ್ಲ ಅಂತ ಇವನೂ ಕೂಗಿದ, ಸುಳ್ಳು, ಬಂದದ್ದೇ ಹೋಗೋದಕ್ಕೆ. ಎಲ್ಲಿ ಹೋಗಬೇಕು ಅನ್ನೋದನ್ನು ಬೆಳಕಾದಾಗಿನಿಂದ ನೋಡಿ ಇಟ್ಟುಕೊಂಡಿದ್ದಾನೆ, ಅತ್ತ ಹೊಳೆ ಬಂದು ಸೇರುವ ಮೂಲೆಯಲ್ಲಿ ನೀರು ಓಡುತ್ತದೆ, ಅಲ್ಲಿ ಐಸು ತೆಳು, ಹತ್ತಿರವೂ ಹೋಗಬಾರದು, ಹಂಸಗಳು ಈಜಾಡಿ ಈಜಾಡಿ ನಡುವೆ ಒಂದು ಕಡೆ ನೀರನ್ನು ಕಟ್ಟೋಕೆ ಬಿಟ್ಟಿಲ್ಲ, ಅಲ್ಲಿಯೂ ಬೇಡ, ಬಿಳಿಯಾಗಿ ಹಾಲಿನ ಕೆನೆಯಂತೆ ಕಾಣೋದು ಪೊಳ್ಳು, ಕಪ್ಪಗೆ ಗಾಜಿನಂತೆ ಕಾಣೋದು ಗಟ್ಟಿ, ಈ ಗಾಳಿ ಬೀಳದ ಕೊಲ್ಲಿಯಲ್ಲಿ ಮೊದಲು ಹೆಪ್ಪಾಗಿರಬೇಕು, ಮತ್ತೆ ಯೂಜೀನನ ಹೊಲದ ಕಲ್ಲುಗೋಡೆ ಇಳಿಜಾರಿನಲ್ಲಿ ಬಂದು ನೀರಿನ ಅಂಚಿನಲ್ಲಿ ನಿಂತಿಲ್ಲ, ಒಳಗೂ ಹೋಗಿದೆ, ಕೆರೆ ಹಿಂದೊಮ್ಮೆ ಚಿಕ್ಕದಿತ್ತು, ಮೀನು ಆ ಗೋಡೆಯ ಮಗ್ಗುಲಿಗೇ ಇರುತ್ತವೆ, ಚಳಿಗೆ ಆಳದಲ್ಲಿ ಒತ್ತರಿಸಿಕೊಂಡು — ಇದನ್ನು ಯಾವ ವಿಡಿಯೋದವನೂ ಹೇಳಿಕೊಡಲಿಲ್ಲ, ಆಲಮಟ್ಟಿಯ ನೀರು ಮೇಲೆ ಬಂದು ಅವರ ಕೆಳಗಿನ ಹೊಲ ಮುಳುಗಿದಾಗ ಹುಡುಗರೆಲ್ಲ ಗಾಳ ಹಾಕುತ್ತಿದ್ದದ್ದು ಮುಳುಗಿದ ಬದುವಿನ ಗುಂಟ, ಮುಳುಗಿದ ಬಾವಿಯ ಬಾಯಿಗೆ, ಅಲ್ಲಿ ತಪ್ಪದೆ ಮೀನು, ದೊಡ್ಡವರು ಹೋದ ಹೊಲಕ್ಕೆ ನಿಟ್ಟುಸಿರು ಬಿಡುತ್ತಿದ್ದರೆ ಇವರು ಆ ಹೊಲದಲ್ಲೇ ಎರಡನೇ ಬೆಳೆ ತೆಗೆಯುತ್ತಿದ್ದರು, ಜೋಳದ ಹಿಟ್ಟಿನ ಉಂಡೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿ, ಈಗಲೂ ಜೇಬಿನಲ್ಲಿದೆ, ಜೋಳದ್ದೇ, ಕಲ್ಲಾಗಿರಬೇಕು ಚಳಿಗೆ. ಬಿಸಿಲು ಬಂತು, ಬಿಸಿಲೆಂದರೆ ಏನು, ಒಂದು ತೆಳ್ಳನೆ ಹಳದಿ, ಆದರೂ ಕೆನ್ನೆಯ ಮೇಲೆ ಬಿತ್ತು, ಜೊಂಡಿನ ತುದಿಯ ಹಿಮವೆಲ್ಲ ಒಮ್ಮೆಗೇ ಹೊತ್ತಿಕೊಂಡಿತು, ಅಲ್ಲಾಹ್, ಏನು ಚಂದ, ಯಾರಿಗೆ ಹೇಳೋದು, ಪಕ್ಕಕ್ಕೆ ತಿರುಗಿದ, ಪಕ್ಕದಲ್ಲಿ ಯಾರೂ ಇಲ್ಲ, ಅರ್ಧ ಬೈರಿಗೆ ಹುಲ್ಲಿನ ಮೇಲೆ ಬಿದ್ದುಕೊಂಡಿದೆ.

ಆಮೇಲೆ ಕಾರಿನ ಬಾಗಿಲು ಹಾಕಿದ ಸದ್ದು, ಅವನು ತಿರುಗಲಿಲ್ಲ, ತಿರುಗಬಾರದು ಅಂತ ಕತ್ತನ್ನು ಗಟ್ಟಿ ಹಿಡಿದ, ಹಿಮದ ಹುಲ್ಲಿನ ಮೇಲೆ ಹೆಜ್ಜೆ, ಕರ್ ಕರ್ ಕರ್, ಹಪ್ಪಳ ತುಳಿದ ಹಾಗೆ, ಹತ್ತಿರ ಬಂದು ನಿಂತಿತು, ಮಂಕಿ ಕ್ಯಾಪಿನ ಬಿಸಿಯುಸಿರು ಹೊಗೆಯಾಗಿ ಅವನ ಕಣ್ಣಂಚಿಗೆ ಬಂತು, ನಮಸ್ಕಾರವಿಲ್ಲ, ಸಲಾಮಿಲ್ಲ, ಹಳೇ ಲುಂಗಿಯಲ್ಲಿ ಸುತ್ತಿದ್ದ ಹಿಡಿಯನ್ನು ಬಿಚ್ಚಿದ ಚಾಮರಾಜ, ಕೆರೆಗೆ ಹೇಳುವವನ ಹಾಗೆ ಹೇಳಿದ, ಆ ಮೂತಿ ಈ ಕಡೆ ಹಿಡಿ. ಹಿಡಿದ. ಎರಡೂ ತುಂಡು ಕೂಡಿದವು, ತಿರುಪು ತಿರುಗಿತು, ಕಟಕ್ ಅಂತ ಕೂತಿತು, ಇಷ್ಟೇ ಕೆಲಸ, ಇಷ್ಟಕ್ಕೆ ಇಷ್ಟು ದಿನ. ಮೀನು ಹಿಡಿಯುವವರಿಗೆಂದು ಯೂಜೀನ್ ದಂಡೆಯಿಂದ ಒಳಕ್ಕೆ ಹಲಗೆ ಬಡಿದ ಒಂದು ಅಟ್ಟಣೆ ಕಟ್ಟಿದ್ದಾನೆ, ಇಬ್ಬರೂ ಅದರ ತುದಿಗೆ ಹೋಗಿ ಮಂಡಿಯೂರಿದರು, ಒಬ್ಬನೇ ಒತ್ತಿ ಒಬ್ಬನೇ ತಿರುವಬಹುದು ಅದನ್ನ, ಆದರೂ ಅಲ್ತಾಫ್ ಮೇಲಿನ ಗುಂಡಿಗೆ ಎರಡೂ ಅಂಗೈ ಇಟ್ಟು ಒತ್ತಿದ, ಚಾಮರಾಜ ತಿರುವಿದ, ಕೊಬ್ಬರಿ ತುರಿಯಂತೆ ಐಸು ಸುರುಳಿಯ ಗುಂಟ ಮೇಲೆದ್ದು ಬಂತು, ಬೆಳ್ಳಗೆ, ಪುಡಿ ಪುಡಿ, ನೋಡೋಕೇ ಒಂದು ಸಂತೋಷ, ಇನ್ನೂ ಸುಖವಾಗಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಭಸಕ್ಕನೆ ಕೆಳಕ್ಕೆ ಹೋಯಿತು, ಕಪ್ಪು ನೀರು ಗುಳುಗುಳು ಮೇಲೆ ಬಂತು. ಇಷ್ಟು ಬೇಗ. ಚಾಮರಾಜ ಕೈಗವಸು ಕಳಚಿ ತೂತಿನೊಳಗೆ ಬೆರಳು ಇಳಿಬಿಟ್ಟು ಅಂಚನ್ನು ಅಳೆದ, ಹೊರಗೆ ತೆಗೆದು ತೋರಿಸಿದ, ಎರಡು ಬೆರಳು, ಅದೂ ಪೂರ್ತಿ ಇಲ್ಲ, ಒಂದು ಮುಷ್ಟಿ ದಪ್ಪ ಇಲ್ಲದಿದ್ರೆ ಮನುಷ್ಯ ಕಾಲಿಡಂಗಿಲ್ಲ ಕಣಪ್ಪ, ಹೋಗೋದು ಬೇಡ. ಹೋಗೋದು ಬೇಡ. ಮತ್ತೆ ಇವನೇ ಹೇಳುವವನು. ಅಲ್ತಾಫನ ಕಿವಿ ಬಿಸಿಯಾಯಿತು, ದಂಡಿ ಹತ್ರ ಹಿಂಗ ಇರ್ತೈತಿ, ಒಳಗ ದಪ್ಪ ಇರ್ತೈತಿ, ಅಂದ. ಉಲ್ಟಾ, ಒಳಗೆ ನೀರು ಆಳ, ಅಲ್ಲಿ ತಡವಾಗಿ ಹೆಪ್ಪಾಗೋದು. ನಿನಗ ಯಾವ ಕೊಳ್ಳೇಗಾಲದ ಕೆರಿ ಹೇಳಿತಲೇ ಇದನ್ನ, ನೀ ಯಾವ ಐಸು ಕಂಡಾಂವ, ನೀ ಹೇಳಿದ್ದ ಆಗಬೇಕು ಯಾವಾಗಲೂ, ಮೀನು ಬಿಡು ಅಂದ್ರ ಬಿಡಬೇಕು, ನಿಲ್ಲು ಅಂದ್ರ ನಿಲ್ಲಬೇಕು, ನಾನೇನು ನಿನ್ನ ಆಫೀಸಿನಾಗ ಜೀತ ಮಾಡ್ತೀನೇನು — ಬಾಯಿ ಹೇಳುತ್ತಿರುವಾಗಲೇ ಕಾಲು ಹಲಗೆಯಿಂದ ಕೆಳಗಿಳಿದಿತ್ತು, ಒಂದು ಕಾಲು, ಮುಳ್ಳಿನ ಪಟ್ಟಿ ಐಸನ್ನು ಕಚ್ಚಿತು, ಗಟ್ಟಿಯಿದೆ, ನೋಡು, ಗಟ್ಟಿಯಿದೆ, ಭಾರವನ್ನೆಲ್ಲ ಆ ಕಾಲಿಗೆ ತಂದ, ಕೆರೆ ಮತ್ತೆ ಕೂಗಿತು, ಈ ಸಲ ಆಚೆಯಿಂದಲ್ಲ, ಅವನ ಪಾದದ ಕೆಳಗಿನಿಂದಲೇ, ಬಿಳಿ ಗೆರೆಯೊಂದು ಬಳೆ ಒಡೆದಂತೆ ಮುಂದಕ್ಕೆ ಓಡಿತು, ಬೂಟಿನ ಸುತ್ತ ನೀರು ಒಸರಿತು, ಅದೇ ಹೊತ್ತಿಗೆ ಹಿಂದಿನಿಂದ ಬೆಲ್ಟಿಗೆ ಏನೋ ಬಿಗಿಯಿತು, ತಿರುಗಿ ನೋಡಿದ, ಚಾಮರಾಜ ಹಲಗೆಯ ಮೇಲೆ ಬೋರಲು ಬಿದ್ದು ಎರಡೂ ಕೈಯಲ್ಲಿ ಅವನ ಜಾಕೆಟ್ಟಿನ ಬೆಲ್ಟು ಹಿಡಿದಿದ್ದ, ಗವಸಿಲ್ಲದ ಕೈ, ತೂತಿನ ನೀರಿಗೆ ಕೆಂಪಗಾದ ಕೈ, ಗೆಣ್ಣುಗಳೆಲ್ಲ ಬೆಳ್ಳಗೆ. ಬಿಡಲೇ. ಬಿಡಲ್ಲ. ಬಿಡಲೇ ಅಂದ್ನಿ. ಬಿಡಲ್ಲ, ಬೈಕೋ, ಎಷ್ಟು ಬೇಕಾದ್ರೂ ಬೈಕೋ, ಬಿಡಲ್ಲ. ಅಂಥ ಮೀನನ್ನು ಬಿಟ್ಟವನು ಇವನೇನಾ.

ಕಾಲು ತೆಗೆದ. ನಿಧಾನ, ಮಗು ಮಲಗಿದ ಕೋಣೆಯಿಂದ ಹೊರಗೆ ಬರುವವನ ಹಾಗೆ ತೆಗೆದು ಹಲಗೆಯ ಮೇಲೆ ಕೂತ, ಕಾಲುಚೀಲದೊಳಗೆ ಹೊಕ್ಕ ನೀರು ಸೂಜಿ ಚುಚ್ಚಿದಂತೆ, ಚಾಮರಾಜ ಇನ್ನೂ ಬೆಲ್ಟು ಹಿಡಿದೇ ಇದ್ದ, ಈಗರ ಬಿಡೋ ಮಾರಾಯ ಅಂದ ಮೇಲೆ ಬಿಟ್ಟ, ಬಿಟ್ಟು ಎದ್ದು ಕೂತು ಏದುಸಿರಿನ ನಡುವೆಯೇ ನಕ್ಕ, ಯಾಕ ನಗ್ತಿ, ಹಲ್ಲು ಉದುರಸ್ತೀನಿ ನೋಡು, ಅಂದ ಅಲ್ತಾಫ್, ಅಲ್ಲ ಕಣಪ್ಪ, ಜೂನ್‌ನಿಂದ ಈಚೆಗೆ ನನ್ನ ಯಾರೂ ಕನ್ನಡದಲ್ಲಿ ಬೈದಿರ್ಲಿಲ್ಲ, ಜಯಶೀಲನ ಬಿಟ್ರೆ, ಅವಳು ಬೈಯೋದ್ರಲ್ಲಿ ಈ ದಮ್ಮಿಲ್ಲ. ಅಲ್ತಾಫ್ ನಗಬಾರದು ಅಂತ ಕೆರೆಯ ಕಡೆ ನೋಡಿದ, ತುಟಿ ಕೇಳಲಿಲ್ಲ. ಫ್ಲಾಸ್ಕು ಬಿಚ್ಚಿದ, ಏಲಕ್ಕಿಯ ಹಬೆ, ಮುಚ್ಚಳದಲ್ಲಿ ಅವನಿಗೆ, ಲೋಟದಲ್ಲಿ ತನಗೆ, ಬೂಟು ಕಳಚಿ ಒದ್ದೆ ಕಾಲುಚೀಲ ಹಿಂಡಿ ಚಾಮರಾಜನ ಆ ಲುಂಗಿಯನ್ನೇ ಕಾಲಿಗೆ ಸುತ್ತಿಕೊಂಡ, ಕೇಳಲಿಲ್ಲ, ಕೇಳುವುದೇನು, ಬೆಚ್ಚಗಿತ್ತು. ಈಗ ತೂತು ಎರಡು, ಅಟ್ಟಣೆಯ ಆ ಬದಿಗೊಂದು ಈ ಬದಿಗೊಂದು, ಕಲ್ಲುಗೋಡೆ ನೀರಿನಡಿ ಹೋಗುವ ಸಾಲಿಗೇ, ಅದನ್ನು ಅವನು ಬೆರಳಿಟ್ಟು ತೋರಿಸಿದಾಗ ಚಾಮರಾಜ ಬೈರಿಗೆ ಅಲ್ಲೇ ಇಟ್ಟ, ಫರ್ಹಾಳ ಝಾರಾದಿಂದ ಚೂರು ಐಸು ತೆಗೆದು ತೆಗೆದು ಪೂರಿಯ ಎಣ್ಣೆ ಸೋಸುವಂತೆ ಸೋಸಿ ಚೆಲ್ಲಿದ, ಈಗ ಎರೆ, ಅಲ್ತಾಫನ ಜೋಳದ ಉಂಡೆ ನಿಜಕ್ಕೂ ಗೋಲಿಗುಂಡಾಗಿತ್ತು, ಹಲಗೆಗೆ ಬಡಿದರೆ ಟಣ್ ಅಂದಿತು, ಚಾಮರಾಜ ಸ್ವೆಟರಿನ ಒಳಗೆ, ಶರ್ಟಿನ ಒಳಗೆ, ಬನಿಯನ್ನಿನ ಒಳಗೆ ಕೈಹಾಕಿ ಒಂದು ಪ್ಲಾಸ್ಟಿಕ್ ಪೊಟ್ಟಣ ತೆಗೆದ, ರಾಗಿ, ಮೈಬಿಸಿಗೆ ಮೆತ್ತಗಿತ್ತು, ಎದೆಗಿಟ್ಕೊಂಡು ಬಂದೆ ಕಣಪ್ಪ ಡನ್‌ಡಾಕಿಂದ, ಅಂದ. ಥೂ, ನಿನ್ನ ಬೆವರು ತಿಂದ ಮ್ಯಾಲ ಮೀನಿಗೆ ಏನು ಗತಿ, ಅಂದ ಅಲ್ತಾಫ್, ನಿನ್ನ ಜೋಳ ತಿನ್ನೋಕೆ ಮೀನಿಗೆ ದವಡೆ ಹಲ್ಲು ಬೇಕು, ಅಂದ ಚಾಮರಾಜ, ಕೊನೆಗೆ ಅಲ್ತಾಫನೇ ಒಂದು ಚಿಟಿಕೆ, ಅಕ್ಕಿಕಾಳಿಗಿಂತ ಚೂರು ದೊಡ್ಡದು, ರಾಗಿಯನ್ನೇ ಗಾಳಕ್ಕೆ ಮೆತ್ತಿದ, ಚಳಿಯಲ್ಲಿ ಮೀನಿಗೆ ಹಸಿವು ಕಡಿಮೆ, ತುತ್ತು ಚಿಕ್ಕದಿರಬೇಕು, ಮೊಣಕೈಯಷ್ಟೂ ಇಲ್ಲದ ಆ ಕೋಲನ್ನು ಹಿಡಿದು ದಾರ ಬಿಟ್ಟ, ದಾರ ಇಳಿಯಿತು, ಇಳಿಯಿತು, ತಳ ಮುಟ್ಟಿತು, ಒಂದು ಗೇಣು ಮೇಲೆತ್ತಿದ. ಇಬ್ಬರು ದೊಡ್ಡ ಗಂಡಸರು ಎರಡು ತಟ್ಟೆಯಗಲದ ತೂತುಗಳ ಮುಂದೆ, ಮಕ್ಕಳಾಟದ ಕೋಲು ಹಿಡಿದು. ಯೂಜೀನ್ ದೂರದಿಂದ ಹೆಬ್ಬೆರಳು ಎತ್ತಿದ, ಗ್ರ್ಯಾಂಡ್, ಹೌದಪ್ಪ, ಗ್ರ್ಯಾಂಡೇ, ಐಸಿನ ಮೇಲೆ ನಿಂತು ಹಿಡಿಯಲಿಲ್ಲ, ಹಲಗೆಯ ಮೇಲೆ ಕೂತು ಹಿಡಿಯುತ್ತಿದ್ದೇವೆ, ಅದರ ಸುದ್ದಿ ಫಿನ್‌ಲೆಂಡಿಗೆ ಯಾರೂ ಹೇಳಬೇಕಾಗಿಲ್ಲ, ಹೆಗಲಿಗೆ ಹೆಗಲು ತಾಗುತ್ತಿದೆ, ಲುಂಗಿಯೊಳಗೆ ಕಾಲಿಗೆ ಜೀವ ಬಂತು, ಚಾಮರಾಜ ಏನೋ ಹೇಳುತ್ತಿದ್ದಾನೆ, ಬಡ್ತಿ ಸಿಗಲಿಲ್ಲವಂತೆ, ಮಗ ಸ್ಕಂದ ಮನೆಯಲ್ಲಿ ಕನ್ನಡ ಮಾತಾಡಲ್ಲವಂತೆ, ಹೇಳಲಿ, ಎಲ್ಲ ಕೂಡಿಹಾಕಿಕೊಂಡಿದ್ದಾನೆ ಪಾಪ, ಹೂಂ ಅನ್ನುತ್ತಾ ಇದ್ದ, ಆಕಾಶದಲ್ಲಿ ಪಶ್ಚಿಮಕ್ಕೆ ಮೋಡ ಹತ್ತಿದೆ, ಹತ್ತಲಿ.

ಟುಕ್. ಕೋಲಿನ ತುದಿ ಬಾಗಿತು, ಉಗುರಿನಷ್ಟು, ಮತ್ತೆ ನೆಟ್ಟಗಾಯಿತು, ಅವನ ಮೈಯೆಲ್ಲ ಕಿವಿಯಾಯಿತು, ಟುಕ್, ಟುಕ್, ಎಳಿ ಈಗ ಅಂತ ಚಾಮರಾಜನ ಬಾಯಿ ತೆರೆಯಿತು, ತೆರೆದ ಬಾಯಿ ಹಾಗೇ ಮುಚ್ಚಿತು, ಅಲ್ತಾಫ್ ಎಳೆದ, ದಾರ ಕೈಯಲ್ಲಿ ಜೀವದಂತೆ ಒದ್ದಾಡಿತು, ಸುತ್ತಿದ, ಸುತ್ತಿದ, ಕಪ್ಪು ನೀರು ಕಲಕಿತು, ತೂತಿನಿಂದ ಮೇಲಕ್ಕೆ ಬಂದು ಹಲಗೆಯ ಹಿಮದ ಮೇಲೆ ಬಿತ್ತು — ಅಂಗೈಯುದ್ದ, ಬರೀ ಅಂಗೈಯುದ್ದ, ಹಸಿರು ಮೈಗೆ ಪೈಜಾಮದ ಪಟ್ಟೆ, ಬೆನ್ನ ಮೇಲೆ ಮುಳ್ಳು ನಿಗುರಿಸಿ, ಹೊಟ್ಟೆಯ ರೆಕ್ಕೆ ಕುಂಕುಮದಷ್ಟು ಕೆಂಪು, ಪರ್ಚ್ ಅನ್ನೋ ಜಾತಿ, ಇಷ್ಟು ದಿನದ ಮುನಿಸಿಗೆ ಕೆರೆ ಕೊಟ್ಟದ್ದು ಇಷ್ಟೇ, ಒಂದು ತುತ್ತಿಗಾಗುವಷ್ಟು, ಆದರೂ ಏನು ಬಣ್ಣ, ಏನು ಸೊಕ್ಕು, ಬಿಳಿಯ ಮೇಲೆ ಪಟಪಟ ಬಡಿದು ಜಾರುತ್ತಾ ತೂತಿನ ಅಂಚಿಗೇ ಹೊರಟಿತು, ಅಂಚಿನ ಆ ಬದಿಗೆ ಚಾಮರಾಜನ ಮಂಡಿ, ಅವನು ಒಂದು ಬೆರಳು ಅಡ್ಡ ಇಟ್ಟರೆ ಸಾಕು ನಿಲ್ಲುತ್ತದೆ, ಒಂದು ಬೆರಳು ತಾಗಿಸಿದರೆ ಸಾಕು ಹೋಗುತ್ತದೆ, ಅಲ್ತಾಫ್ ಕೋಲು ಬಿಟ್ಟು ಬಾಗಿ ಎರಡು ಕೈಯಲ್ಲೂ ಮೀನನ್ನು ಮುಚ್ಚಿ ಹಿಡಿದ, ಮುಳ್ಳು ಅಂಗೈಗೆ ಚುಚ್ಚಿತು, ಚುಚ್ಚಲಿ, ಬೊಗಸೆಯೊಳಗೆ ತಣ್ಣಗೆ ಅದರ ಕಿವಿರು ತೆರೆದು ಮುಚ್ಚಿತು, ಇಟ್ಕೊಬಹುದಾ ಇದನ್ನ, ಇಂಥ ಚಿಕ್ಕದು, ಇದಕ್ಕೇನು ಕಾನೂನು, ಇವನಿಗೆ ಗೊತ್ತಿದೆ, ಎಲ್ಲ ಓದಿಕೊಂಡೇ ಬಂದಿರುತ್ತಾನೆ, ಹೇಳುತ್ತಾನೆ ಈಗ, ಹೇಳೇ ಹೇಳುತ್ತಾನೆ ಅಂತ ಕಾದ, ಚಾಮರಾಜ ಹೇಳಲಿಲ್ಲ. ಏನ್ಮಾಡೂಣಲೇ ಅಂತ ತಾನೇ ಕೇಳಿದ, ಯಾವಾಗ ಯಾರನ್ನು ಹೀಗೆ ಕೇಳಿದ್ದನೋ ನೆನಪಿಲ್ಲ, ನಿನ್ ಮೀನು, ಅಂದ ಚಾಮರಾಜ, ಅಷ್ಟೇ ಅಂದ, ಅಲ್ತಾಫ್ ತಲೆಯೆತ್ತಿದ, ಮಂಕಿ ಕ್ಯಾಪಿನ ಒಳಗೆ ಕಣ್ಣು ತುಂಬ ನಗು ಕಟ್ಟಿಹಾಕಿಕೊಂಡು ಕೂತಿದ್ದ ಅವನು, ಮೂಗಿನ ತುದಿಯಲ್ಲಿ ಒಂದು ಹನಿ ತೂಗುತ್ತಿತ್ತು, ಒರೆಸಿಕೊಳ್ಳಲಿಲ್ಲ, ಒರೆಸಿಕೊಳ್ಳೋಕೆ ಕೈ ಬೇಕಲ್ಲ, ಕೈ ಎಲ್ಲಿ, ಎರಡೂ ಕೈ ಜಾಕೆಟ್ಟಿನ ಜೇಬಿನಲ್ಲಿ, ಮಣಿಕಟ್ಟಿನ ತನಕ ಇಳಿಸಿ, ಬಟ್ಟೆಯ ಮೇಲೆ ಮುಷ್ಟಿಯ ಉಬ್ಬು ಕಾಣುವ ಹಾಗೆ ಬಿಗಿಹಿಡಿದು, ಮೂಗಿನ ಹನಿ ಉದುರಿತು, ಕೈ ಹೊರಗೆ ಬರಲಿಲ್ಲ, ಬೊಗಸೆಯಲ್ಲಿ ಮೀನು ಒದೆಯಿತು, ಕೈ ಹೊರಗೆ ಬರಲಿಲ್ಲ, ಮಳೆಯ ಮೊದಲ ಹನಿ ಹಲಗೆಯ ಮೇಲೆ ಬಿತ್ತು, ಚಾಮರಾಜನ ಎರಡು ಕೈ, ಜೇಬಿನಲ್ಲಿ, ಎರಡೂ.